ಗಡುವಿಗೆ ಸರಿಯಾಗಿಯೋ, ನಿಂತ ಮೇಲೋ, ಅಳೆದು ನೋಡಿಯೋ: ದುಬಾರಿ ಕೈಗಡಿಯಾರದ ಸರ್ವಿಸ್

ದುಬಾರಿ ಯಾಂತ್ರಿಕ ಕೈಗಡಿಯಾರವನ್ನು ಎಷ್ಟು ವರ್ಷಕ್ಕೊಮ್ಮೆ ಬಿಚ್ಚಿಸಿ ಸರ್ವಿಸ್ ಮಾಡಿಸಬೇಕು ಎಂಬ ಪ್ರಶ್ನೆಗೆ ನಾನು ಮೂರು ದಾರಿಗಳನ್ನು ಸ್ವಂತ ಹಣ ಹಾಕಿ ನೋಡಿದ್ದೇನೆ. ಕಂಪನಿ ಹೇಳಿದ ಗಡುವಿಗೆ ಸರಿಯಾಗಿ ಕೊಡುವುದು ಒಂದು, ನಿಲ್ಲುವ ತನಕ ಮುಟ್ಟದೆ ಬಿಡುವುದು ಇನ್ನೊಂದು, ವರ್ಷಕ್ಕೊಮ್ಮೆ ಅಳೆಯುವ ಯಂತ್ರದ ಮೇಲಿಟ್ಟು ನೋಡಿ ವಾಚಿನ ಕಸುವಿನ ಅಂಕಿ ಕುಸಿದಾಗ ಮಾತ್ರ ಬಿಚ್ಚಿಸುವುದು ಮೂರನೆಯದು. ಈಗ ನಾನು ಹಿಡಿದಿರುವುದು ಮೂರನೆಯ ದಾರಿಯನ್ನು, ಅದನ್ನು ಬಿಡುವ ವಿಚಾರವೂ ಇಲ್ಲ. ಆದರೆ ಅದೇ ದಾರಿಯಲ್ಲಿ ಎರಡು ವರ್ಷ ತಪ್ಪು ಅಂಕಿಯನ್ನು ನಂಬಿ ಕುಳಿತಿದ್ದೆನಾದ್ದರಿಂದ, ಈ ಹೋಲಿಕೆಯಲ್ಲಿ ಆ ತಪ್ಪಿಗೇ ಹೆಚ್ಚು ಜಾಗ ಕೊಡುತ್ತೇನೆ.

ನನ್ನದು ಬ್ಯಾಡಗಿಯಲ್ಲಿ ಮೆಣಸಿನಕಾಯಿಯ ದಲಾಲಿ ಅಂಗಡಿ. ಜನವರಿಯಿಂದ ಏಪ್ರಿಲ್‌ವರೆಗೆ ಹಂಗಾಮು, ಗಾಳಿಯ ತುಂಬ ಕೆಂಪು ಪುಡಿ. ಕಾಯಿಯನ್ನು ಮುರಿದು ನೋಡಿದ ಕೈ ಕಣ್ಣಿಗೆ ತಗುಲಬಾರದೆಂದು ದಿನಕ್ಕೆ ಹದಿನೈದು ಇಪ್ಪತ್ತು ಸಲ ಸಾಬೂನು ಹಚ್ಚಿ ತೊಳೆಯುತ್ತೇನೆ, ವಾಚು ಕೈಯಲ್ಲಿರುವಾಗಲೇ. ತಂಪು ಕೋಣೆಯಲ್ಲಿ ಕುಳಿತು ಕೆಲಸ ಮಾಡುವವರ ಲೆಕ್ಕ ಬೇರೆಯಾಗುತ್ತದೆ ಎಂಬುದನ್ನು ಓದುಗರು ನೆನಪಿನಲ್ಲಿಡಬೇಕು.

ಮೊದಲ ವಾಚು 2005ರಲ್ಲಿ ಕೊಂಡ ಸ್ವಿಸ್ ಗಡಿಯಾರ. ಒಳಗಿರುವುದು ಇಟಿಎ ಎಂಬ ಸ್ವಿಸ್ ಕಂಪನಿಯ 2824-2 ಎಂಬ ಯಂತ್ರ, ಬಹಳ ಕಂಪನಿಗಳು ತಮ್ಮ ಹೆಸರು ಹಾಕಿ ಬಳಸಿರುವ ಗಟ್ಟಿ ಯಂತ್ರ. ಗಂಟೆಗೆ 28,800 ಬಡಿತ, ಅಂದರೆ ದಿನಕ್ಕೆ 6,91,200. ಇಷ್ಟೊಂದು ಬಡಿಯುವ ವಸ್ತುವಿಗೆ ಗಡುವಿಗೆ ಸರಿಯಾಗಿ ಎಣ್ಣೆ ಬೀಳಲೇಬೇಕೆಂದು ನನಗೂ ಅನಿಸಿತ್ತು. ಅದಕ್ಕೆ ಮನೆಯ ಸಂಸ್ಕಾರವೂ ಕಾರಣ. ಅಪ್ಪನ ಕೈಯಲ್ಲಿದ್ದದ್ದು ಎಚ್‌ಎಂಟಿ. 1961ರಲ್ಲಿ ಜಪಾನಿನ ಸಿಟಿಜನ್ ಸಹಯೋಗದಿಂದ ಬೆಂಗಳೂರಿನಲ್ಲಿ ತಯಾರಿಕೆ ಆರಂಭಿಸಿದ ಕಂಪನಿಯ, ದಿನವೂ ಕೀಲಿ ಕೊಡಬೇಕಾದ ವಾಚು. ಅಪ್ಪ ಅದನ್ನು ಎರಡು ವರ್ಷಕ್ಕೊಮ್ಮೆ ಹಾವೇರಿಗೆ ಒಯ್ದು ತೊಳೆಸಿ ಎಣ್ಣೆ ಹಾಕಿಸುತ್ತಿದ್ದರು. ಹಳೆಯ ಎಣ್ಣೆಗಳು ಬೇಗ ಗಟ್ಟಿಯಾಗುತ್ತಿದ್ದ ಕಾಲಕ್ಕೆ ಆ ರೂಢಿ ಸರಿಯೇ ಆಗಿತ್ತು. ಈಗಿನ ಸಂಶ್ಲೇಷಿತ ಎಣ್ಣೆಗಳು ಬಹಳ ಹೆಚ್ಚು ಕಾಲ ತಾಳುತ್ತವೆ. ಆದ್ದರಿಂದಲೇ ಒಮೆಗಾ ತನ್ನ ವಾಚುಗಳಿಗೆ 5ರಿಂದ 8 ವರ್ಷ ಎನ್ನುತ್ತದೆ, ರೋಲೆಕ್ಸ್ ಸುಮಾರು 10 ವರ್ಷ ಎನ್ನುತ್ತದೆ.

2010ರಲ್ಲಿ, ಐದು ವರ್ಷ ತುಂಬಿದ ತಿಂಗಳಿಗೇ, ಆ ವಾಚನ್ನು ಕಂಪನಿಯ ಅಧಿಕೃತ ಕೇಂದ್ರಕ್ಕೆ ಕೊಟ್ಟೆ. ಏಳು ವಾರಗಳ ಮೇಲೆ ಮರಳಿ ಬಂದಾಗ ಜೊತೆಗೊಂದು ಚೀಟಿ ಇತ್ತು: ಸರ್ವಿಸಿಗೆ ಮುಂಚಿನ ಆಂಪ್ಲಿಟ್ಯೂಡ್ 275 ಡಿಗ್ರಿ, ನಂತರ 292. ವಾಚಿನೊಳಗೆ ಅತ್ತಿತ್ತ ತೂಗುತ್ತ ವೇಳೆ ಕಾಯುವ ಬ್ಯಾಲೆನ್ಸ್ ಚಕ್ರ ನಡುವಿನಿಂದ ಒಂದು ಬದಿಗೆ ಎಷ್ಟು ಡಿಗ್ರಿ ತಿರುಗುತ್ತದೆ ಎಂಬುದೇ ಆಂಪ್ಲಿಟ್ಯೂಡ್. ಅದು ವಾಚಿನ ಒಳಗಿನ ಕಸುವಿನ ಅಳತೆ. 275 ಎಂದರೆ ಆರೋಗ್ಯವಂತ ವಾಚು. ಅದರ ಅರ್ಥ ನನಗಾಗ ತಿಳಿದಿರಲಿಲ್ಲ, ತಿಳಿದಾಗ ಹೊಟ್ಟೆ ಉರಿಯಿತು, ಏಕೆಂದರೆ ಬಿಚ್ಚುವ ಅಗತ್ಯವೇ ಇಲ್ಲದ ವಾಚಿಗೆ ಹದಿನಾಲ್ಕು ಸಾವಿರ ಕೊಟ್ಟಿದ್ದೆ. ಸಾಲದ್ದಕ್ಕೆ, ಕೇಳದೆಯೇ ಕೇಸಿಗೆ ಪಾಲಿಶ್ ಹಿಡಿದು ಪಟ್ಟಿಯ ಕಿವಿಗಳ ಚೂಪು ಅಂಚನ್ನು ದುಂಡಗೆ ಮಾಡಿದ್ದರು. ಸವೆದ ಲೋಹ ಮರಳಿ ಬರುವುದಿಲ್ಲ. ವಾಚು ಕೊಡುವಾಗ ‘ಪಾಲಿಶ್ ಬೇಡ’ ಎಂದು ರಸೀದಿಯ ಮೇಲೆ ಬರೆಸಿಕೊಳ್ಳಿರಿ.

ಆ ಬೇಸರದಲ್ಲಿ ಎರಡನೆಯ ದಾರಿಗೆ ಹೊರಳಿದೆ: ಓಡುವ ತನಕ ಓಡಲಿ. ಒಂಬತ್ತು ವರ್ಷ ಓಡಿತು. ಕೊನೆಯ ವರ್ಷದಲ್ಲಿ ಕೀಲಿ ಕೊಡುವಾಗ ಕೈಯ ಅಲುಗಾಟಕ್ಕೆ ತಿರುಗಿ ತಾನಾಗಿ ಕೀಲಿ ಕೊಡುವ ಹಿಂಭಾಗದ ರೋಟರ್ ತಾನೂ ಗಿರ್ರನೆ ಸುತ್ತತೊಡಗಿತ್ತು. ಈ ಯಂತ್ರದಲ್ಲಿ ಅದು ರೋಟರಿನ ತಿರುಗಾಟವನ್ನು ಕೀಲಿಗೆ ದಾಟಿಸುವ ರಿವರ್ಸಿಂಗ್ ಚಕ್ರಗಳು ಒಣಗಿ ಹಿಡಿಯುತ್ತಿರುವುದರ ಲಕ್ಷಣ, ಆದರೂ ವೇಳೆಯನ್ನು ಸರಿಯಾಗಿಯೇ ತೋರಿಸುತ್ತಿದ್ದರಿಂದ ಸುಮ್ಮನಿದ್ದೆ. 2019ರ ಮಾರ್ಚಿನಲ್ಲಿ, ಹಂಗಾಮಿನ ನಡುವೆ, ನಿಂತುಬಿಟ್ಟಿತು. ಹುಬ್ಬಳ್ಳಿಯಲ್ಲಿ ದುರ್ಗದಬೈಲಿನ ಹತ್ತಿರದ ಓಣಿಯೊಂದರಲ್ಲಿರುವ ಹಿರಿಯ ರಿಪೇರಿಯವರು ಬಿಚ್ಚಿ ಕಣ್ಣುಭೂತಗನ್ನಡಿ ನನ್ನ ಕೈಗೆ ಕೊಟ್ಟರು. ಮೂರನೆಯ ಚಕ್ರದ ಮೊಳೆ ಎಣ್ಣೆಯಿಲ್ಲದೆ ತಿರುಗಿ ಗೀರುಬಿದ್ದಿತ್ತು, ಸುತ್ತಲೂ ತುಕ್ಕಿನ ಬಣ್ಣದ ಅಂಟು. ಆ ಚಕ್ರ, ರಿವರ್ಸಿಂಗ್ ಚಕ್ರಗಳು, ಮೇನ್ ಸ್ಪ್ರಿಂಗ್ ಹೊಸದಾಗಿ ಬಂದವು. ಬರೀ ತೊಳೆದು ಎಣ್ಣೆ ಹಾಕುವುದಕ್ಕೆ ಐದು ಸಾವಿರ ಆಗುತ್ತಿದ್ದ ಕೆಲಸ ಹನ್ನೊಂದೂವರೆ ಸಾವಿರಕ್ಕೆ ಹೋಯಿತು. ಇಟಿಎ ಆದ್ದರಿಂದ ಬಿಡಿಭಾಗ ಸಿಕ್ಕವು. ಹೊರಗಿನವರಿಗೆ ಬಿಡಿಭಾಗ ಕೊಡದ ಕಂಪನಿಗಳ ವಾಚಿನಲ್ಲಿ ಈ ಪ್ರಯೋಗ ಮಾಡಲೇಬಾರದು.

ವೇಳೆ ಸರಿಯಾಗಿದೆ ಎಂಬುದು ಒಳಗೆ ಎಲ್ಲವೂ ಸರಿಯಾಗಿದೆ ಎಂಬುದಕ್ಕೆ ಸಾಕ್ಷಿಯಲ್ಲ ಎಂದು ಆ ಭೂತಗನ್ನಡಿಯಲ್ಲಿ ಕಂಡ ಮೇಲೆ, 2020ರಲ್ಲಿ ಹದಿನಾಲ್ಕು ಸಾವಿರ ಕೊಟ್ಟು ಟೈಮ್‌ಗ್ರಾಫರ್ ತರಿಸಿದೆ. ಮೈಕಿರುವ ಹಿಡಿಕೆಯಲ್ಲಿ ವಾಚನ್ನು ಸಿಕ್ಕಿಸಿದರೆ ದಿನಕ್ಕೆ ಎಷ್ಟು ಸೆಕೆಂಡ್ ಹೆಚ್ಚುಕಡಿಮೆ, ಆಂಪ್ಲಿಟ್ಯೂಡ್ ಎಷ್ಟು, ಎಡಬಲ ಬಡಿತಗಳ ಅಂತರ ಎಷ್ಟು ಎಂಬುದನ್ನು ಪರದೆಯ ಮೇಲೆ ಬರೆಯುತ್ತದೆ. ಇಲ್ಲಿಂದ ನನ್ನ ತೊಡಕು ಆರಂಭವಾಯಿತು.

ನನ್ನ ಎರಡನೆಯ ವಾಚು 2013ರಲ್ಲಿ ಕೊಂಡ ಒಮೆಗಾ ಆಕ್ವಾ ಟೆರಾ, ಒಳಗೆ 8500 ಎಂಬ ಕೋ-ಆಕ್ಸಿಯಲ್ ಯಂತ್ರ, ಅಂದರೆ ಬ್ಯಾಲೆನ್ಸ್ ಚಕ್ರವನ್ನು ತಳ್ಳುವ ಭಾಗದ ರಚನೆ ಮಾಮೂಲಿಗಿಂತ ಬೇರೆಯಾದದ್ದು. ಹೊಸ ಟೈಮ್‌ಗ್ರಾಫರ್ ಮೇಲೆ 2020ರಲ್ಲಿ ಅದು 309 ಡಿಗ್ರಿ ತೋರಿಸಿತು, 2021ರಲ್ಲಿ 302, 2022ರಲ್ಲಿ 292. ಒಂಬತ್ತು ವರ್ಷ ಮೆಣಸಿನಕಾಯಿ ಪುಡಿಯಲ್ಲಿ ಓಡಾಡಿದ ವಾಚು ಇಷ್ಟು ಚೆನ್ನಾಗಿದೆಯಲ್ಲ ಎಂದು ಸಂತೋಷಪಟ್ಟು, ಪ್ರತಿ ಸಲವೂ ನೋಟುಬುಕ್ಕಿನಲ್ಲಿ ಬರೆದು ಮುಚ್ಚಿಟ್ಟೆ. ಆದರೆ 2022ರ ಮಳೆಗಾಲದಲ್ಲಿ ಒಂದು ಶನಿವಾರ ರಾತ್ರಿ ಒಂಬತ್ತಕ್ಕೆ ಪೂರ್ತಿ ಕೀಲಿ ಕೊಟ್ಟು ತೆಗೆದಿಟ್ಟದ್ದು ಸೋಮವಾರ ಸಂಜೆ ಐದಕ್ಕೆ ನಿಂತಿತ್ತು. 60 ಗಂಟೆ ಓಡಬೇಕಾದದ್ದು 44 ಗಂಟೆಗೆ ನಿಂತಿತು. 292 ಡಿಗ್ರಿಯಲ್ಲಿ ತೂಗುವ ವಾಚು ಹೀಗೆ ಬೇಗ ದಣಿಯುವುದು ನನಗೆ ಅರ್ಥವಾಗಲಿಲ್ಲ. ಮೈಕನ್ನು ಬದಲಿಸಿ ನೋಡಿದೆ, ಬೇರೆ ಬೇರೆ ಭಂಗಿಯಲ್ಲಿ ಇಟ್ಟು ನೋಡಿದೆ, ಅಯಸ್ಕಾಂತದ ದೋಷವೇನೋ ಎಂದು ಅದನ್ನು ಕಳೆಯುವ ಸಾಧನವನ್ನೂ ತರಿಸಿ ನೋಡಿದೆ. ಅಂಕಿ ಕದಲಲಿಲ್ಲ.

ಕೊನೆಗೆ ವಾಚನ್ನೂ ಯಂತ್ರವನ್ನೂ ಒಟ್ಟಿಗೆ ಕಟ್ಟಿಕೊಂಡು ಹುಬ್ಬಳ್ಳಿಯ ಅದೇ ಓಣಿಗೆ ಹೋದೆ. ಅವರು ಪರದೆಯನ್ನು ಒಮ್ಮೆ ನೋಡಿ ಕೇಳಿದ್ದು ಒಂದೇ ಮಾತು: “ಇದಕ್ಕ ಲಿಫ್ಟ್ ಆಂಗಲ್ ಎಷ್ಟ್ ಇಟ್ಟೀರ್ರೀ?”

ನಾನು ಏನನ್ನೂ ಇಟ್ಟಿರಲಿಲ್ಲ. ಟೈಮ್‌ಗ್ರಾಫರ್ ಬಂದಾಗ ಅದರಲ್ಲಿ 52 ಡಿಗ್ರಿ ಇತ್ತು, ಹಾಗೆಯೇ ಇತ್ತು. ಟೈಮ್‌ಗ್ರಾಫರ್ ಚಕ್ರವನ್ನು ನೋಡುವುದಿಲ್ಲ, ಬರೀ ಸದ್ದನ್ನು ಕೇಳುತ್ತದೆ. ಒಂದು ‘ಟಿಕ್’ ಒಳಗೆ ಹಲವು ಸಣ್ಣ ಸದ್ದುಗಳಿರುತ್ತವೆ. ಮೊದಲ ಸದ್ದಿನಿಂದ ಕೊನೆಯದರ ನಡುವೆ ಬ್ಯಾಲೆನ್ಸ್ ಚಕ್ರ ಒಂದು ನಿಶ್ಚಿತ ಕೋನವನ್ನು ದಾಟುತ್ತದೆ, ಅದೇ ಲಿಫ್ಟ್ ಆಂಗಲ್. ಕೋನ ಇಷ್ಟು, ದಾಟಲು ಹಿಡಿದ ಕಾಲ ಇಷ್ಟು, ಆದ್ದರಿಂದ ವೇಗ ಇಷ್ಟು, ಆ ವೇಗಕ್ಕೆ ಆಂಪ್ಲಿಟ್ಯೂಡ್ ಇಷ್ಟು ಎಂದು ಅದು ಲೆಕ್ಕ ಹಾಕುತ್ತದೆ. ಕಾಲವನ್ನು ತಾನೇ ಅಳೆಯುತ್ತದೆ, ಕೋನವನ್ನು ಮಾತ್ರ ನಾವು ಹೇಳಬೇಕು. ಇಟಿಎ 2824-2ರ ಕೋನ 50, ಆದ್ದರಿಂದ 52 ಎಂದಿದ್ದರೂ ಅಲ್ಲಿ ಅಂಥ ವ್ಯತ್ಯಾಸವಾಗಲಿಲ್ಲ, ನನಗೆ ಟೈಮ್‌ಗ್ರಾಫರ್ ಮೇಲೆ ನಂಬಿಕೆ ಕುದುರಿದ್ದೂ ಆ ವಾಚಿನಿಂದಲೇ. ಕೋ-ಆಕ್ಸಿಯಲ್ 8500ರ ಕೋನ 38. ಅವರು ಗುಂಡಿ ಒತ್ತಿ 52 ಅನ್ನು 38ಕ್ಕೆ ಇಳಿಸಿದೊಡನೆ ನನ್ನ 292 ಎಂಬುದು 213ಕ್ಕೆ ಬಂದು ನಿಂತಿತು.

ಮನೆಗೆ ಬಂದು ಹಳೆಯ ಅಂಕಿಗಳನ್ನು ಅದೇ ಪ್ರಮಾಣದಲ್ಲಿ ತಿದ್ದಿದೆ: 2020ರ 309 ನಿಜವಾಗಿ 226, 2021ರ 302 ನಿಜವಾಗಿ 221. ಪೂರ್ತಿ ಕೀಲಿ ಇರುವಾಗ, ಮುಖ ಮೇಲಾಗಿ ಮಲಗಿಸಿ ಅಳೆದ ಅಂಕಿಗಳಿವು. ಹಾಗೆ ಅಳೆದಾಗ 250ಕ್ಕಿಂತ ಕೆಳಗಿಳಿದರೆ ಸರ್ವಿಸಿನ ವಿಚಾರ ಮಾಡಬೇಕು, 220ಕ್ಕೆ ಬಂದರೆ ತಡಮಾಡಬಾರದು ಎಂದು ನಾನೇ ಹಾಕಿಕೊಂಡಿದ್ದ ನಿಯಮ ಎರಡು ವರ್ಷ ನನ್ನ ಕಣ್ಣೆದುರೇ ಮುರಿದು ಬಿದ್ದಿತ್ತು. ಆ ರಾತ್ರಿ ಇನ್ನೊಂದು ಪರೀಕ್ಷೆಯನ್ನೂ ಮಾಡಿದೆ. ಈ ವಾಚಿನ ಬೆನ್ನು ಗಾಜಿನದು, ಚಕ್ರ ಕಾಣುತ್ತದೆ. ಫೋನಿನ ನಿಧಾನಗತಿಯ ವಿಡಿಯೊದಲ್ಲಿ ಚಕ್ರದ ಒಂದು ಕಡ್ಡಿಯನ್ನು ಹಿಂಬಾಲಿಸಿದರೆ ಅದು ಒಂದು ಬದಿಗೆ ಅರ್ಧ ಸುತ್ತಿಗಿಂತ ಸ್ವಲ್ಪವೇ ಹೆಚ್ಚು ಹೋಗಿ ಮರಳುತ್ತಿತ್ತು. ನಿಜಕ್ಕೂ 292 ಇದ್ದಿದ್ದರೆ ಮುಕ್ಕಾಲು ಸುತ್ತನ್ನು ದಾಟಬೇಕಿತ್ತು. ಟೈಮ್‌ಗ್ರಾಫರ್ ಕೊಳ್ಳದವರೂ ಗಾಜಿನ ಬೆನ್ನಿನ ವಾಚಿಗೆ ಈ ಪರೀಕ್ಷೆಯನ್ನು ಖರ್ಚಿಲ್ಲದೆ ಮಾಡಬಹುದು.

ಆ ಒಮೆಗಾವನ್ನು ಹುಬ್ಬಳ್ಳಿಯಲ್ಲಿ ಬಿಚ್ಚಿಸಲಿಲ್ಲ. ರಿಪೇರಿಯವರೇ ಬೇಡವೆಂದರು: ಕೋ-ಆಕ್ಸಿಯಲ್ ಭಾಗಕ್ಕೆ ಎಣ್ಣೆ ಹಾಕುವ ಕ್ರಮ ಬೇರೆ, ಬಿಡಿಭಾಗಗಳೂ ತಮಗೆ ಸಿಗುವುದಿಲ್ಲ ಎಂದು ಮುಚ್ಚುಮರೆಯಿಲ್ಲದೆ ಹೇಳಿದರು. ಬೆಂಗಳೂರಿಗೆ ರೈಲಿನಲ್ಲಿ ನಾನೇ ಒಯ್ದು ಕೊಟ್ಟೆ. ಆರು ವಾರ, ಅರವತ್ತು ಸಾವಿರಕ್ಕೆ ಸಮೀಪದ ಬಿಲ್ಲು, ಎರಡು ವರ್ಷದ ಖಾತರಿ. ಮರಳಿ ಬಂದಾಗ 38 ಡಿಗ್ರಿ ಇಟ್ಟು ಅಳೆದರೆ 281, ಓಟ 61 ಗಂಟೆ. ಕೆಲಸದಲ್ಲಿ ಹೆಸರಿಡುವಂಥದ್ದೇನೂ ಇರಲಿಲ್ಲ.

ನೀರಿನ ವಿಷಯಕ್ಕೆ ಮಾತ್ರ ಅಳತೆಯ ದಾರಿ ನಡೆಯುವುದಿಲ್ಲ, ಅಲ್ಲಿ ಗಡುವೇ ಸರಿ. ರಬ್ಬರ್ ಸೀಲ್ ಸೋರುವ ದಿನದವರೆಗೂ ಯಾವ ಸೂಚನೆಯನ್ನೂ ಕೊಡುವುದಿಲ್ಲ. ಸಾಬೂನು ನೀರು ದಿನವೂ ತಾಗುವ ನನ್ನ ವಾಚುಗಳಿಗೆ ಎರಡು ವರ್ಷಕ್ಕೊಮ್ಮೆ ಒತ್ತಡದ ಪರೀಕ್ಷೆ ಮಾಡಿಸಿ, ಸಂಶಯವಿದ್ದರೆ ಸೀಲ್ ಬದಲಿಸುತ್ತೇನೆ. ಗಾಜಿನೊಳಗೆ ಮಂಜು ಕಂಡರೆ ಅದೇ ದಿನ ಬಿಚ್ಚಿಸಬೇಕು. ಇನ್ನು, ವಾಚು ಇದ್ದಕ್ಕಿದ್ದಂತೆ ದಿನಕ್ಕೆ ನಿಮಿಷಗಟ್ಟಲೆ ಮುಂದೆ ಓಡತೊಡಗಿದರೆ ಸರ್ವಿಸಿಗೆ ಕೊಡುವ ಮೊದಲು ಅಯಸ್ಕಾಂತದ ದೋಷ ಕಳೆಸಿ ನೋಡಿರಿ. ಅದು ಕೆಲವು ಸೆಕೆಂಡುಗಳ ಕೆಲಸ.

ಹಣದ ಲೆಕ್ಕ ನನ್ನ ಮಟ್ಟಿಗೆ ಸ್ಪಷ್ಟವಿದೆ. ಒಮೆಗಾವನ್ನು ಒಂಬತ್ತು ವರ್ಷಕ್ಕೊಮ್ಮೆ ಬಿಚ್ಚಿಸಿದ್ದಕ್ಕೆ ವರ್ಷಕ್ಕೆ ಆರೂವರೆ ಸಾವಿರದಷ್ಟು ಬಿತ್ತು. ಐದು ವರ್ಷಕ್ಕೊಮ್ಮೆ ಎಂದಿದ್ದರೆ ಹನ್ನೆರಡು ಸಾವಿರ ಬೀಳುತ್ತಿತ್ತು. ಕೋನವನ್ನು ಸರಿಯಾಗಿ ಇಟ್ಟಿದ್ದರೆ ಏಳನೆಯ ವರ್ಷಕ್ಕೇ ಕೊಡುತ್ತಿದ್ದೆ, ಆಗ ಎಂಟೂವರೆ ಸಾವಿರ. ಅಷ್ಟನ್ನು ನಾನು ಸಂತೋಷದಿಂದ ಕೊಡುತ್ತೇನೆ. ಒಂದೇ ವಾಚು ಇದ್ದು, ನೋಟುಬುಕ್ಕು ಇಡುವ ಅಭ್ಯಾಸವಿಲ್ಲದೆ, ಗದಗಿನಲ್ಲೋ ಧಾರವಾಡದಲ್ಲೋ ಕಚೇರಿಯಲ್ಲಿ ಕುಳಿತು ಕೆಲಸ ಮಾಡುವವರಿಗೆ ಟೈಮ್‌ಗ್ರಾಫರ್ ಕೊಳ್ಳುವುದು ದಂಡ. ಅಂಥವರು ಕಂಪನಿ ಹೇಳಿದ ಅವಧಿಯ ಕೊನೆಯ ಅಂಚಿನವರೆಗೆ ಕಾಯಬಹುದು, ನಡುವೆ ವರ್ಷಕ್ಕೊಮ್ಮೆ ಯಂತ್ರವಿರುವ ರಿಪೇರಿಯವರ ಹತ್ತಿರ ಅಳೆಸಬಹುದು, ಅಳೆಸುವಾಗ ತಮ್ಮ ವಾಚಿನ ಲಿಫ್ಟ್ ಆಂಗಲ್ ಎಷ್ಟೆಂಬುದನ್ನು ತಾವೇ ತಿಳಿದುಕೊಂಡು ಹೋಗಬೇಕು.

ಈ ಹಂಗಾಮು ಮುಗಿದ ಮೇಲೆ ಎರಡನ್ನೂ ಮತ್ತೆ ಅಳೆದೆ. ಪೂರ್ತಿ ಕೀಲಿಯಲ್ಲಿ ಮಲಗಿಸಿದಾಗ ಒಮೆಗಾ 272, ಇಪ್ಪತ್ತನಾಲ್ಕು ಗಂಟೆ ಕಳೆದು ನೆಟ್ಟಗೆ ಹಿಡಿದಾಗ 236. ಹಳೆಯ ಇಟಿಎ 50 ಡಿಗ್ರಿಯ ಲೆಕ್ಕದಲ್ಲಿ 248, ಕೀಲಿ ಕೊಡುವಾಗ ರೋಟರ್ ಇನ್ನೂ ಸುತ್ತುತ್ತಿಲ್ಲ. ಒಮೆಗಾ ಕೈಯಲ್ಲಿದೆ, ಇಟಿಎಯನ್ನು ಬರುವ ವಾರ ಹುಬ್ಬಳ್ಳಿಗೆ ಒಯ್ಯುತ್ತೇನೆ.