ಕನ್ನಡದಲ್ಲಿ ಸುಪ್ರೀಂ ಕೋರ್ಟ್ ತೀರ್ಪು: ಓದಿಗೆ ಆದೀತು, ವಾದಕ್ಕೆ ಆಗದು

ಇ-ಎಸ್‌ಸಿಆರ್ ಜಾಲತಾಣದಲ್ಲಿ ಸುಪ್ರೀಂ ಕೋರ್ಟಿನ ವರದಿಯಾದ, ಅಂದರೆ ಕೋರ್ಟಿನ ಅಧಿಕೃತ ತೀರ್ಪು ಸಂಪುಟಗಳಲ್ಲಿ ಪ್ರಕಟವಾದ ತೀರ್ಪುಗಳು ಉಚಿತವಾಗಿ ಸಿಗುತ್ತವೆ. 2023ರ ಜನವರಿಯಲ್ಲಿ ಶುರುವಾದ ಈ ತಾಣಕ್ಕೆ ಅದೇ ತಿಂಗಳು ಕನ್ನಡವೂ ಸೇರಿದಂತೆ ಹಲವು ಭಾಷೆಗಳ ಅನುವಾದಗಳು ಬಂದವು. ಕರಡು ಅನುವಾದಕ್ಕೆ ‘ಸುವಾಸ್’ ಎಂಬ ಕೃತಕ ಬುದ್ಧಿಮತ್ತೆಯ ತಂತ್ರಾಂಶದ ನೆರವಿದೆ. ಅದನ್ನು ತಿದ್ದುವವರು ಮನುಷ್ಯರು.

ತಿದ್ದುವವರು ಯಾಕೆ ಬೇಕು ಎಂಬುದಕ್ಕೆ ‘ಲೀವ್ ಗ್ರಾಂಟೆಡ್’ ಒಂದೇ ಸಾಕು. ಮೇಲ್ಮನವಿಗೆ ಅನುಮತಿ ಸಿಕ್ಕಿದೆ ಎಂದು ಅದರ ಅರ್ಥ; ಯಂತ್ರ ಹಿಂದಿಯಲ್ಲಿ ಅದನ್ನು ರಜೆ ಮಾಡಿಬಿಟ್ಟಿತ್ತು. ಇಂಥದ್ದು ಓದಿದ ಕೂಡಲೇ ನಗು ತರಿಸುತ್ತದೆ, ಹಾಗಾಗಿ ಅಪಾಯ ಕಡಿಮೆ. ಕನ್ನಡದಲ್ಲಿ ಕಾಡುವುದು ನಗು ಬಾರದ ತಪ್ಪುಗಳು. ‘ರಿಮ್ಯಾಂಡ್’ ಎಂದರೆ ಪ್ರಕರಣವನ್ನು ಕೆಳಗಿನ ಕೋರ್ಟಿಗೆ ವಾಪಸು ಕಳಿಸುವುದೂ ಹೌದು, ಆರೋಪಿಯನ್ನು ಬಂಧನದಲ್ಲಿಡುವುದೂ ಹೌದು. ‘ಡಿಫೆಂಡೆಂಟ್’ (ದಾವೆ ಎದುರಿಸುವವನು), ‘ರೆಸ್ಪಾಂಡೆಂಟ್’ (ಮೇಲ್ಮನವಿ ಎದುರಿಸುವವನು) ಎರಡಕ್ಕೂ ‘ಪ್ರತಿವಾದಿ’ ಎಂದೇ ಹಾಕಿದರೆ ಮುಗಿಯಿತು: ದಾವೆಯಲ್ಲಿ ಸೋತ ಪ್ರತಿವಾದಿ ಮೇಲ್ಮನವಿ ಹಾಕಿದಾಗ ಎದುರು ನಿಲ್ಲುವವನು ಮೂಲ ವಾದಿ. ಜಮೀನು ಯಾರಿಗೆ ಸಿಕ್ಕಿತು ಎಂಬುದೇ ತಲೆಕೆಳಗಾಗುತ್ತದೆ. ‘ಶಲ್’ಗೆ ನಮ್ಮ ಕಾಯ್ದೆಗಳಲ್ಲಿ ‘ತಕ್ಕದ್ದು’ ಇದೆ. ಆ ಜಾಗದಲ್ಲಿ ‘ಬಹುದು’ ಕಂಡರೆ ಕಡ್ಡಾಯವಾದದ್ದು ಐಚ್ಛಿಕವಾಯಿತು ಎಂದೇ ಲೆಕ್ಕ. ಇನ್ನು ಹತ್ತು ಸಾಲಿನ ಇಂಗ್ಲಿಷ್ ವಾಕ್ಯ. ಅದರ ‘ಇಲ್ಲ’ ಕನ್ನಡದಲ್ಲಿ ಕೊನೆಗೆ ಬರುವುದರಿಂದ, ನಡುವಿನ ಯಾವ ಮಾತಿಗೆ ಅದು ಅಂಟಿಕೊಂಡಿದೆ ಎಂದು ಎರಡು ಸಲ ಓದಬೇಕು.

ಕಾನೂನಿನ ನೆಲೆಯೂ ಇಷ್ಟೇ ಬಿಗಿ. ಸಂವಿಧಾನದ 348ನೇ ವಿಧಿಯಂತೆ ಸುಪ್ರೀಂ ಕೋರ್ಟಿನ ಕಲಾಪದ ಭಾಷೆ ಇಂಗ್ಲಿಷ್. ಅನುವಾದದ ಜೊತೆಗಿರುವ ಸೂಚನೆಯ ಪ್ರಕಾರ ಅದು ಕಕ್ಷಿದಾರರು ತಮ್ಮ ಭಾಷೆಯಲ್ಲಿ ಅರ್ಥಮಾಡಿಕೊಳ್ಳಲು ಮಾತ್ರ. ಜಾರಿಗೆ, ಅಧಿಕೃತ ಬಳಕೆಗೆ ಇಂಗ್ಲಿಷ್ ಪ್ರತಿಯೇ ಪ್ರಮಾಣ. ತಪ್ಪು ಅನುವಾದವನ್ನು ನಂಬಿ ಮೇಲ್ಮನವಿಯ ಗಡುವು ದಾಟಿದವರ ನಷ್ಟಕ್ಕೆ ಯಾರು ಹೊಣೆ ಎಂಬ ಪ್ರಶ್ನೆಗೆ ಆ ಸೂಚನೆಯಲ್ಲಿ ಉತ್ತರವಿಲ್ಲ. ಹಾಗಾಗಿ ಕನ್ನಡದಲ್ಲಿ ಓದಿ, ಆದರೆ ಕೊನೆಯ ಆದೇಶದ ಪ್ಯಾರಾ, ದಿನಾಂಕ, ಕಲಂ ಸಂಖ್ಯೆ, ಮೊತ್ತ ಇವಿಷ್ಟನ್ನು ಇಂಗ್ಲಿಷ್ ಪ್ರತಿಯ ಪಕ್ಕದಲ್ಲಿಟ್ಟು ನೋಡಿ.

ತಾಣದ ನಿಜವಾದ ಬೆಲೆ ತಿಳಿಯುವುದು ಬೇರೊಂದು ಕೆಲಸದಲ್ಲಿ: ಚಾಟ್‌ಬಾಟ್ ಹೇಳಿದ ತೀರ್ಪು ಇದೆಯೋ ಇಲ್ಲವೋ ಎಂದು ಹುಡುಕುವುದು. ಬೆಂಗಳೂರಿನ ಆದಾಯ ತೆರಿಗೆ ಮೇಲ್ಮನವಿ ನ್ಯಾಯಮಂಡಳಿ 2024ರ ಡಿಸೆಂಬರ್‌ನಲ್ಲಿ ಕೊಟ್ಟ ಆದೇಶವೊಂದನ್ನು, ಅದರಲ್ಲಿದ್ದ ತೀರ್ಪುಗಳು ಇಲ್ಲವೇ ಇಲ್ಲವೆಂದು ಗೊತ್ತಾದ ಮೇಲೆ ವಾಪಸು ಪಡೆಯಿತು. 2025ರ ಮಾರ್ಚ್‌ನಲ್ಲಿ, ಇಲ್ಲದ ಸುಪ್ರೀಂ ಕೋರ್ಟ್ ತೀರ್ಪುಗಳನ್ನು ಆಧರಿಸಿ ಆದೇಶ ಬರೆದ ಸಿವಿಲ್ ನ್ಯಾಯಾಧೀಶರ ವಿಷಯದಲ್ಲಿ ಕರ್ನಾಟಕ ಹೈಕೋರ್ಟ್ ಮುಂದಿನ ಕ್ರಮಕ್ಕೆ ಸೂಚಿಸಿತು.

ಪರೀಕ್ಷಿಸಲು ಐದೇ ನಿಮಿಷ ಸಾಕು. ಮೊದಲು ತಟಸ್ಥ ಉಲ್ಲೇಖ ಸಂಖ್ಯೆ, ಅಂದರೆ ತೀರ್ಪಿಗೆ ಕೋರ್ಟೇ ಕೊಡುವ ಗುರುತಿನ ಸಂಖ್ಯೆ ಹಾಕಿ. ಉದಾಹರಣೆಗೆ ಖಾಸಗಿತನದ ಪುಟ್ಟಸ್ವಾಮಿ ತೀರ್ಪಿನದು 2017 ಐಎನ್‌ಎಸ್‌ಸಿ 801. ತೆರೆದುಕೊಂಡಿತೆಂದು ಅಲ್ಲಿಗೇ ನಿಲ್ಲಬೇಡಿ. ಚಾಟ್‌ಬಾಟ್ ನಿಜವಾದ ಸಂಖ್ಯೆಗೆ ಬೇರೆ ಕಕ್ಷಿದಾರರ ಹೆಸರು ಅಂಟಿಸಬಲ್ಲದು. ಕಕ್ಷಿದಾರರು, ಪೀಠ, ತಾರೀಖು ಹೊಂದುತ್ತವೆಯೇ ನೋಡಿ, ಆಮೇಲೆ ಅದು ಉದ್ಧರಿಸಿದ ಸಾಲಿನ ನಾಲ್ಕು ಪದಗಳನ್ನು ತೀರ್ಪಿನೊಳಗೆ ಹುಡುಕಿ. ಸಾಲು ಸಿಕ್ಕರೂ ಅದು ಕೋರ್ಟಿನ ನಿರ್ಣಯವೋ, ವಕೀಲರ ವಾದವನ್ನು ಕೋರ್ಟು ಬರೆದುಕೊಂಡದ್ದೋ ಎಂದು ಹಿಂದುಮುಂದಿನ ಪ್ಯಾರಾ ಓದಬೇಕು. ಅನುಭವಸ್ಥರೂ ಎಡವುವುದು ಇಲ್ಲೇ.

ಇಲ್ಲಿ ಸಿಗದ ಮಾತ್ರಕ್ಕೆ ತೀರ್ಪು ಸುಳ್ಳಲ್ಲ. ವರದಿಯಾಗದ ತೀರ್ಪುಗಳು ಈ ತಾಣದಲ್ಲಿ ಇರುವುದಿಲ್ಲ. ಅವಕ್ಕೆ ಸುಪ್ರೀಂ ಕೋರ್ಟಿನ ಮುಖ್ಯ ಜಾಲತಾಣದಲ್ಲಿ ಪ್ರಕರಣ ಸಂಖ್ಯೆಯೋ ಡೈರಿ ಸಂಖ್ಯೆಯೋ (ಅರ್ಜಿ ಸಲ್ಲಿಸಿದಾಗ ಕೊಡುವ ಸಂಖ್ಯೆ) ಹಾಕಿ ಹುಡುಕಬೇಕು. ಎರಡೂ ಕಡೆ ಇಲ್ಲದಿದ್ದರೆ ಅದನ್ನು ವಾದಪತ್ರದಿಂದ ತೆಗೆದುಬಿಡಿ.