ಡಬ್ಬದ ಪುಡಿ, ಹುರಿಹಿಟ್ಟು, ಕಡ್ಲೆಬೀಜದ ಉಂಡೆ: ನನ್ನ ಮೈಗೆ ಹತ್ತಿದ್ದು ಯಾವುದು?

ಮೊದಲೇ ಹೇಳಿಬಿಡುತ್ತೇನೆ, ನನ್ನ ತೂಕ ಏರಿಸೋದರಲ್ಲಿ ಗೆದ್ದಿದ್ದು ಕಡ್ಲೆಬೀಜದ ಉಂಡೆ. ಎರಡನೆಯದು ರಾಗಿ ಹುರಿಹಿಟ್ಟು. ಮೂರನೆಯದು ಬಾಳೆಹಣ್ಣು, ಹಾಲು, ಮೊಟ್ಟೆ. ನಾನು 2,400 ರೂಪಾಯಿ ಕೊಟ್ಟು ಹೊತ್ತು ತಂದ, ತೂಕ ಏರಿಸೋ ಪುಡಿಯ ಮೂರು ಕಿಲೋ ಡಬ್ಬ ಕೊನೆಯದು. ಆ 2,400ರ ಹೊಟ್ಟೆಉರಿಯಲ್ಲೇ ಇದನ್ನು ಬರೆಯುತ್ತಿದ್ದೇನೆ ಅಂದುಕೊಳ್ಳಿ.

ನನ್ನ ಎತ್ತರ 174 ಸೆಂಟಿಮೀಟರ್. ಕಳೆದ ವರ್ಷ ಜೂನ್‌ನಲ್ಲಿ ತೂಕ 51 ಕಿಲೋ. ಬಿಎಂಐ, ಅಂದರೆ ಎತ್ತರಕ್ಕೆ ತಕ್ಕ ತೂಕ ಇದೆಯಾ ಅನ್ನೋ ಅಳತೆ, 16.8. ಅದು 18.5ಕ್ಕಿಂತ ಕಡಿಮೆ ಇದ್ದರೆ ತೂಕ ಸಾಲದು ಅಂತ ಲೆಕ್ಕ. ಶಾಲೆಯಲ್ಲಿ ಕಡ್ಡಿ ಪೈಲ್ವಾನ್, ಕಾಲೇಜಿನಲ್ಲಿ ನರಪೇತಲ. ಮದುವೆ ಮನೆಗೆ ಹೋದರೆ ಅತ್ತೆಯರದು ಒಂದೇ ಪ್ರಶ್ನೆ: "ಬೆಂಗಳೂರಲ್ಲಿ ಊಟ ಸಿಗಲ್ವೇನೋ?" ಊಟ ಸಿಗುತ್ತೆ ಅತ್ತೆ, ಮೈಗೆ ಹತ್ತಲ್ಲ. ನಮ್ಮಪ್ಪನೂ ಹೀಗೇ, ತಾತನೂ ಹೀಗೇ ಇದ್ದರು. ಇರಲಿ ಅಂತ ಥೈರಾಯ್ಡ್ ಮತ್ತು ಸಕ್ಕರೆ ಎರಡೂ ಪರೀಕ್ಷೆ ಮಾಡಿಸಿದೆ. ಎಲ್ಲಾ ಸರಿ ಇತ್ತು. ಚೆನ್ನಾಗಿದ್ದ ತೂಕ ಇದ್ದಕ್ಕಿದ್ದಂತೆ ಇಳಿಯುತ್ತಿದ್ದರೆ ಈ ಬರಹ ನಿಮಗಲ್ಲ, ಮೊದಲು ಡಾಕ್ಟರ್ ಹತ್ತಿರ ಹೋಗಿ.

ಇರೋದು ಬನಶಂಕರಿ ಕಡೆ ಒಂದು ಪಿಜಿಯಲ್ಲಿ. ಕೆಲಸ ಎಲೆಕ್ಟ್ರಾನಿಕ್ ಸಿಟಿಯಲ್ಲಿ. ಊರು ಶಿರಾ ಹತ್ತಿರ. ಈ ಮೂರೂ ವಿಷಯ ತೀರ್ಪಿಗೆ ಬೇಕಾಗುತ್ತೆ, ಅದಕ್ಕೇ ಹೇಳಿದೆ.

ಡಬ್ಬದಿಂದ ಶುರು ಮಾಡೋಣ. ಜಿಮ್‌ನಲ್ಲಿದ್ದ ಹುಡುಗ ಹೇಳಿದ, "ಬ್ರೋ, ನಿಮಗೆ ಮಾಸ್ ಗೇನರ್ ಬೇಕು." ಹೋಗಿ ಆ ಪುಡಿ ಕೊಂಡುತಂದೆ. ಡಬ್ಬದ ಮುಂದೆ ದಪ್ಪ ಅಕ್ಷರದಲ್ಲಿ 1,150 ಕ್ಯಾಲೊರಿ ಅಂತ ಇತ್ತು. ಖುಷಿಯಾಯಿತು. ಮನೆಗೆ ಬಂದು ಹಿಂದಿನ ಸಣ್ಣ ಅಕ್ಷರ ಓದಿದರೆ, ಅದು 300 ಗ್ರಾಂ ಪುಡಿಗೆ! ಅಂದರೆ ಅವರು ಹೇಳಿದಂತೆ ಕುಡಿದರೆ ಮೂರು ಕಿಲೋ ಹತ್ತೇ ದಿನಕ್ಕೆ ಖಾಲಿ. ತಿಂಗಳಿಗೆ ಮೂರು ಡಬ್ಬ, 7,200 ರೂಪಾಯಿ. ನನ್ನ ಪಿಜಿ ಬಾಡಿಗೆಗೇ ಹತ್ತಿರ ಬಂತು. ಅರ್ಧ ಅಳತೆ ಸಾಕು ಅಂತ ದಿನಕ್ಕೆ 150 ಗ್ರಾಂ ಶುರು ಮಾಡಿದೆ. ಒಳಗಿರೋದಾದರೂ ಏನು? ಬಹುಪಾಲು ಮಾಲ್ಟೋಡೆಕ್ಸ್ಟ್ರಿನ್, ಅಂದರೆ ಮೆಕ್ಕೆಜೋಳದಂಥ ಧಾನ್ಯದ ಪಿಷ್ಟವನ್ನು ಒಡೆದು ಮಾಡಿದ ಪುಡಿ. ಜೊತೆಗೆ ಹಾಲಿನ ಪುಡಿ, ಹಾಲಿನಿಂದಲೇ ತೆಗೆದ ಸ್ವಲ್ಪ ವೇ ಪ್ರೋಟೀನ್, ಚಾಕೊಲೇಟ್ ಘಮ.

ಈಗ ಅಸಲು ತೊಂದರೆಗೆ ಬರುತ್ತೇನೆ. ಇದನ್ನು ಯಾರೂ ಹೇಳೋದಿಲ್ಲ.

ಸಂಜೆ ಏಳಕ್ಕೆ ಜಿಮ್ ಮುಗಿಸಿ ಬಂದು ಕುಡಿಯುತ್ತಿದ್ದೆ. ಕಾಲು ಲೀಟರ್ ಹಾಲು, ಮೇಲೆ ನೀರು, 150 ಗ್ರಾಂ ಪುಡಿ. ಶೇಕರ್ ತುಂಬಾ ಮಣ್ಣಿನ ಬಣ್ಣದ ಗಂಜಿ. ಕುಡಿಯೋಕೆ ಹತ್ತು ನಿಮಿಷ. ಪಿಜಿಯಲ್ಲಿ ಊಟ ಎಂಟೂವರೆಗೆ. ಮಾಮೂಲಿ ದಿನ ಮೂರು ಚಪಾತಿ, ಆಮೇಲೆ ಎರಡು ಸಲ ಅನ್ನ ಸಾರು ಹಾಕಿಸಿಕೊಳ್ಳೋನು ನಾನು. ಡಬ್ಬ ಬಂದ ಮೇಲೆ ಒಂದು ಚಪಾತಿಗೇ ಸುಸ್ತು. ಅನ್ನ ನೋಡಿದರೆ ಬೇಡ ಅನ್ನಿಸುತ್ತಿತ್ತು. ಬೆಳಗ್ಗೆ ಎದ್ದಾಗಲೂ ಹೊಟ್ಟೆ ಭಾರ, ತಿಂಡಿಗೆ ಎರಡು ಇಡ್ಲಿ ಇಳಿದರೆ ಹೆಚ್ಚು. ಆದರೂ ತಿಂಗಳಿಡೀ ನಾನು ಜಾಸ್ತಿ ತಿನ್ನುತ್ತಿದ್ದೇನೆ ಅಂತಲೇ ನಂಬಿದ್ದೆ.

ಸಮಯ ಬದಲಿಸಿ ನೋಡಿದೆ. ಬೆಳಗ್ಗೆ ಕುಡಿದು ಬಸ್ ಹತ್ತಿದೆ. ಸಿಲ್ಕ್ ಬೋರ್ಡ್ ಜಂಕ್ಷನ್‌ನಲ್ಲಿ ಬಸ್ ನಿಂತಿತು. ನನ್ನ ಹೊಟ್ಟೆ ನಿಲ್ಲಲಿಲ್ಲ. ಒಳಗೆ ಗುಡುಗು, ಪಕ್ಕದಲ್ಲಿ ಕೂತ ಹಿರಿಯರು ಎರಡು ಸಲ ತಿರುಗಿ ನೋಡಿದರು. ಇಳಿಯೋಣ ಅಂದರೆ ಸುತ್ತ ಬರೀ ಗಾಡಿ. ಆ ನಲವತ್ತು ನಿಮಿಷದ ಬಗ್ಗೆ ಹೆಚ್ಚು ಬರೆಯೋದಿಲ್ಲ, ನೀವು ಊಟ ಮಾಡುತ್ತಾ ಓದುತ್ತಿರಬಹುದು. ಕಾರಣ ಆಮೇಲೆ ಗೊತ್ತಾಯಿತು. ಹಾಲಿನ ಸಕ್ಕರೆ ಲ್ಯಾಕ್ಟೋಸ್ ಅರಗಿಸೋ ಶಕ್ತಿ ದೊಡ್ಡವರಾದ ಮೇಲೆ ನಮ್ಮಲ್ಲಿ ಬಹಳ ಜನಕ್ಕೆ ಕಡಿಮೆಯಾಗುತ್ತೆ. ಒಂದು ಲೋಟ ಹಾಲು ತಡೆಯುತ್ತೆ. ಹಾಲಿನ ಪುಡಿ ಪ್ಲಸ್ ಕಾಲು ಲೀಟರ್ ಹಾಲು ಒಂದೇ ಸಲ ಹೋದರೆ ಕರುಳು ತಕರಾರು ತೆಗೆಯುತ್ತೆ. ಬರೀ ನೀರಲ್ಲಿ ಕಲಸಿ ನೋಡಿದೆ, ಗಲಾಟೆ ಅರ್ಧ ಕಡಿಮೆಯಾಯಿತು, ರುಚಿ ಪೂರ್ತಿ ಹೋಯಿತು. ರಾತ್ರಿ ಮಲಗುವಾಗ ಕುಡಿದರೆ ಹುಳಿತೇಗು.

ಕೊನೆಗೆ ಎರಡು ವಾರ ತಿಂದಿದ್ದೆಲ್ಲಾ ಒಂದು ನೋಟ್‌ಬುಕ್‌ನಲ್ಲಿ ಬರೆದೆ. ಪುಡಿಯಿಂದ ಸುಮಾರು 580 ಕ್ಯಾಲೊರಿ, ಹಾಲಿಂದ 150. ಒಟ್ಟು 730 ಒಳಗೆ ಬಂತು. ಆದರೆ ಬಿಟ್ಟ ಎರಡು ಚಪಾತಿ, ಬಿಟ್ಟ ಅನ್ನ, ಬಿಟ್ಟ ಇಡ್ಲಿ, ಸಂಜೆ ಬಿಟ್ಟ ಬಜ್ಜಿ ಎಲ್ಲಾ ಕೂಡಿಸಿದರೆ ಆರುನೂರರ ಹತ್ತಿರ. ಉಳಿದಿದ್ದು ನೂರು ಚಿಲ್ಲರೆ. ಅಂದರೆ ಡಬ್ಬಕ್ಕೆ 2,400 ರೂಪಾಯಿಯಂತೆ ಕೊಟ್ಟು ನಾನು ಪಿಜಿ ಆಂಟಿಯ ಅಕ್ಕಿ ಉಳಿಸಿದ್ದೆ, ಅಷ್ಟೇ! ಎರಡು ಡಬ್ಬ, ನಲವತ್ತು ದಿನ, ಏರಿದ್ದು ಎಂಟುನೂರು ಗ್ರಾಂ. ನಿಲ್ಲಿಸಿದ ವಾರದಲ್ಲೇ ಅದರಲ್ಲಿ ಆರುನೂರು ಇಳಿಯಿತು.

ಅವತ್ತಿಂದ ನಾನು ನೋಡೋದು ಒಂದೇ. ಯಾವುದರಲ್ಲಿ ಎಷ್ಟು ಕ್ಯಾಲೊರಿ ಇದೆ ಅನ್ನೋದಲ್ಲ, ಅದನ್ನು ತಿಂದ ಮೇಲೂ ಮುಂದಿನ ಊಟ ಪೂರ್ತಿ ಸೇರುತ್ತಾ ಅನ್ನೋದು.

ಬಾಳೆಹಣ್ಣು, ಹಾಲು, ಮೊಟ್ಟೆ ಒಂದು ತಿಂಗಳು ಮಾಡಿದೆ. ಕೆಟ್ಟದ್ದೇನಲ್ಲ. ಆದರೆ ಏಲಕ್ಕಿ ಬಾಳೆ ಒಂದರಲ್ಲಿ ಐವತ್ತು ಅರವತ್ತು ಕ್ಯಾಲೊರಿ ಅಷ್ಟೇ, ನಾಲ್ಕು ತಿಂದರೆ ಹೊಟ್ಟೆ ತುಂಬಿಹೋಗುತ್ತೆ. ಮೊಟ್ಟೆ ಒಂದಕ್ಕೆ ಎಪ್ಪತ್ತು, ಆರು ಗ್ರಾಂ ಪ್ರೋಟೀನ್, ಲಾಭದ ಬಾಬತ್ತು. ಆದರೆ ನಮ್ಮ ಪಿಜಿಯಲ್ಲಿ ವಾರಕ್ಕೆ ಎರಡೇ ದಿನ ಮೊಟ್ಟೆ, ರೂಮಲ್ಲಿ ಕೆಟಲ್‌ನಲ್ಲಿ ಬೇಯಿಸಿದರೆ ವಾಸನೆ ಅಂತ ಜಗಳ. ಅಮ್ಮನ ಆಕ್ಷೇಪ ಬೇರೆ: ಹಾಲು ಬಾಳೆಹಣ್ಣು ಒಟ್ಟಿಗೆ ತಿಂದರೆ ಕಫ. ಏರಿದ್ದು 400 ಗ್ರಾಂ.

ನಡುವೆ ಒಂದು ತಪ್ಪು ಮಾಡಿದೆ. ಮೆಡಿಕಲ್ ಅಂಗಡಿಯಲ್ಲಿ ಕೇಳಿ ಹಸಿವಿನ ಮಾತ್ರೆ ತಂದೆ, ಸೈಪ್ರೊಹೆಪ್ಟಡೀನ್. ಅದು ಮೂಲದಲ್ಲಿ ಅಲರ್ಜಿ ಮಾತ್ರೆ. ಹಸಿವಿಗಿಂತ ಮೊದಲು ನಿದ್ದೆ ಬಂತು. ಮೂರನೇ ದಿನ ಆಫೀಸ್ ಮೀಟಿಂಗ್‌ನಲ್ಲಿ ತೂಕಡಿಸಿದೆ, ನಿಲ್ಲಿಸಿದೆ. ಡಾಕ್ಟರ್ ಬರೆಯದೆ ಇಂಥದ್ದು ತಗೋಬಾರದು. ಲೇಬಲ್ ಇಲ್ಲದ "ದಪ್ಪ ಆಗೋ ಪುಡಿ"ಯನ್ನಂತೂ ಮುಟ್ಟಲೇಬೇಡಿ, ಅಂಥವುಗಳಲ್ಲಿ ಸ್ಟೀರಾಯ್ಡ್ ಬೆರೆಸಿ ಸಿಕ್ಕಿಬಿದ್ದ ಉದಾಹರಣೆಗಳಿವೆ. ಅದರಿಂದ ಮುಖ ಊದಿಕೊಳ್ಳುತ್ತೆ, ಮೈ ಬರೋದಿಲ್ಲ.

ದಸರಾ ರಜೆಗೆ ಊರಿಗೆ ಹೋದಾಗ ಅಮ್ಮ ಹುರಿಹಿಟ್ಟು ಕಟ್ಟಿಕೊಟ್ಟಳು. ರಾಗಿಯನ್ನು ನೀರು ಚಿಮುಕಿಸಿ ಇಟ್ಟು, ಕಾದ ಬಾಣಲೆಯಲ್ಲಿ ಅರಳು ಹುರಿದು, ಹುರಿಗಡಲೆ ಏಲಕ್ಕಿ ಸೇರಿಸಿ ಬೀಸಿದ ಹಿಟ್ಟು. ಒಂದು ಬಟ್ಟಲು ಹಿಟ್ಟು, ಬೆಲ್ಲ, ಬಿಸಿ ಹಾಲು, ಒಂದು ಚಮಚ ತುಪ್ಪ. ಸುಮಾರು 450 ಕ್ಯಾಲೊರಿ. ನೀಲಿ ಪ್ಯಾಕೆಟ್ ಹಾಲಿನಲ್ಲಿ ಕೊಬ್ಬು 3 ಪರ್ಸೆಂಟ್, ಫುಲ್ ಕ್ರೀಮ್‌ನಲ್ಲಿ 6, ಎರಡನೆಯದೇ ತಗೊಳ್ಳಿ. ರಾಗಿಯ ಕ್ಯಾಲ್ಸಿಯಂ ಪುಕ್ಕಟೆ ಲಾಭ, 100 ಗ್ರಾಂಗೆ ಮುನ್ನೂರು ಮಿಲಿಗ್ರಾಂಗೂ ಮೇಲೆ. ರುಚಿಗೆ ಡಬ್ಬದ ಪುಡಿ ಇದರ ಹತ್ತಿರಕ್ಕೂ ಬರಲ್ಲ. ಆದರೆ ರಾಗಿ ಹೊಟ್ಟೆಯಲ್ಲಿ ಗಟ್ಟಿಯಾಗಿ ಕೂರುತ್ತೆ. ಹೊಲದಲ್ಲಿ ದುಡಿಯೋರು ಬೆಳಗ್ಗೆ ರಾಗಿ ತಿಂದು ಮಧ್ಯಾಹ್ನದವರೆಗೆ ತಡೆಯೋದೇ ಅದಕ್ಕೆ. ನನಗೆ ಬೇಕಾಗಿದ್ದು ಅದರ ಉಲ್ಟಾ, ಬೇಗ ಹಸಿವಾಗಬೇಕು. ಹಾಗಾಗಿ ರಾತ್ರಿ ಹತ್ತೂವರೆಗೆ ಮಾತ್ರ ತಿನ್ನುತ್ತೇನೆ, ಊಟಕ್ಕೂ ಇದಕ್ಕೂ ಎರಡು ಗಂಟೆ ಬಿಟ್ಟು. ಆಗ ಯಾವ ಊಟಕ್ಕೂ ಅಡ್ಡ ಬರಲ್ಲ. ಇನ್ನೊಂದು ಮಾತು, ಒಣ ಹುರಿಹಿಟ್ಟು ಬಾಯಲ್ಲಿರುವಾಗ ಯಾರೂ ನಗಿಸದಂತೆ ನೋಡಿಕೊಳ್ಳಿ.

ಅದೇ ಚೀಲದಲ್ಲಿ ಅಮ್ಮ ಕಡ್ಲೆಬೀಜದ ಉಂಡೆಯನ್ನೂ ಇಟ್ಟಿದ್ದಳು. ನಾನು ಅದನ್ನು ಲೆಕ್ಕಕ್ಕೇ ತಗೊಂಡಿರಲಿಲ್ಲ. ಆಫೀಸ್ ಬ್ಯಾಗಲ್ಲಿ ನಾಲ್ಕು ಹಾಕಿಕೊಂಡು ಹೋದೆ. ಹನ್ನೊಂದಕ್ಕೆ ಎರಡು, ಸಂಜೆ ನಾಲ್ಕಕ್ಕೆ ಎರಡು. ಮಧ್ಯಾಹ್ನ ಒಂದೂವರೆಗೆ ಮಾಮೂಲಿ ಹಸಿವು. ರಾತ್ರಿ ಮೂರು ಚಪಾತಿ, ಎರಡು ಸಲ ಅನ್ನ, ಯಾವುದೂ ತಪ್ಪಲಿಲ್ಲ. ನೋಟ್‌ಬುಕ್ ತೆಗೆದು ಬರೆದೆ. ಒಂದು ಉಂಡೆ 30 ಗ್ರಾಂ. ಅದರಲ್ಲಿ ಬೀಜ 20 ಗ್ರಾಂ, ಬೆಲ್ಲ 10. ಸುಮಾರು 150 ಕ್ಯಾಲೊರಿ, ಐದು ಗ್ರಾಂ ಪ್ರೋಟೀನ್. ನಾಲ್ಕಕ್ಕೆ 600. ಹೆಚ್ಚುಕಡಿಮೆ ಡಬ್ಬದ ಪುಡಿ ಕೊಟ್ಟಷ್ಟೇ. ವ್ಯತ್ಯಾಸ ಇಷ್ಟೇ, ಉಂಡೆಯಲ್ಲಿ ನೀರಿಲ್ಲ. ಕಡ್ಲೆಬೀಜದಲ್ಲಿ ಅರ್ಧದಷ್ಟು ಎಣ್ಣೆ. ಗಾತ್ರ ನಿಂಬೆಹಣ್ಣಿನಷ್ಟು, ಎರಡು ಹೋದರೂ ಹೊಟ್ಟೆಗೆ ಗೊತ್ತಾಗಲ್ಲ.

ಖರ್ಚು? ತಿಂಗಳಿಗೆ 120 ಉಂಡೆ. 2.4 ಕಿಲೋ ಬೀಜ, ಕಿಲೋಗೆ 150ರಂತೆ 360. 1.2 ಕಿಲೋ ಬೆಲ್ಲ, ಕಿಲೋಗೆ 70ರಂತೆ 84. ಒಟ್ಟು 444 ರೂಪಾಯಿ.

ಮಾಡೋದು ಸುಲಭ. ಸಣ್ಣ ಉರಿಯಲ್ಲಿ ಬೀಜ ಹುರಿದು, ಸಿಪ್ಪೆ ಉಜ್ಜಿ ಕೇರಿ, ಬೆಲ್ಲದ ಜೊತೆ ತರಿತರಿಯಾಗಿ ಕುಟ್ಟಿದರೆ ಅದರ ಎಣ್ಣೆಗೇ ಉಂಡೆ ನಿಲ್ಲುತ್ತೆ. ಪಾಕ ಹಿಡಿಯೋ ಗೋಜಿಲ್ಲ. ಸುಕ್ಕಿದ, ಕಪ್ಪಗಾದ, ಮುಗ್ಗಲು ಹಿಡಿದ ಬೀಜ ಮಾತ್ರ ಆರಿಸಿ ಬಿಸಾಡಲೇಬೇಕು. ಬೂಸ್ಟು ಹಿಡಿದ ಕಡ್ಲೆಬೀಜದಲ್ಲಿ ಅಫ್ಲಾಟಾಕ್ಸಿನ್ ಅನ್ನೋ ವಿಷ ಇರಬಹುದು, ಲಿವರ್‌ಗೆ ಕೆಟ್ಟದ್ದು, ಹುರಿದರೂ ಪೂರ್ತಿ ಹೋಗಲ್ಲ. ಕಾರ್ತಿಕದ ಕೊನೇ ಸೋಮವಾರ ಬಸವನಗುಡಿ ಕಡ್ಲೆಕಾಯಿ ಪರಿಷೆಗೆ ಹೋಗಿ ಐದು ಸೇರು ತಂದಿದ್ದೆ. ಅದು ಹಸಿ ಕಾಯಿ, ಉಂಡೆಗೆ ಬರಲಿಲ್ಲ. ಬೇಯಿಸಿ ರೂಮಿನವರೆಲ್ಲಾ ತಿಂದೆವು.

ಉಂಡೆಯಲ್ಲಿ ದೋಷವೇ ಇಲ್ಲವಾ? ಇದೆ. ಮೂರು ವಾರ ದಾಟಿದರೆ ಕಮಟು ವಾಸನೆ. ಇರುವೆ. ಇರುವೆಗಿಂತ ದೊಡ್ಡ ಪಿಡುಗು ರೂಮ್‌ಮೇಟ್. ಅವನ ತೂಕ ಆಗಲೇ 82 ಕಿಲೋ, ಆದರೂ ದಿನಕ್ಕೆ ಮೂರು ಎತ್ತುತ್ತಾನೆ. ಈಗ ಖಾಲಿಯಾದ ಮಾಸ್ ಗೇನರ್ ಡಬ್ಬದಲ್ಲೇ ಉಂಡೆ ಇಡುತ್ತೇನೆ. ಅವನು ಪುಡಿ ಇದೆ ಅಂದುಕೊಂಡು ಮುಟ್ಟಲ್ಲ. ಡಬ್ಬಕ್ಕೆ ಕೊಟ್ಟ ದುಡ್ಡು ಅಷ್ಟರಮಟ್ಟಿಗೆ ವಸೂಲಿ. ಕಡ್ಲೆಬೀಜ ಕೆಲವರಿಗೆ ಅಲರ್ಜಿ, ಅವರಿಗೆ ಎಳ್ಳುಂಡೆ ಆಗಬಹುದೇನೋ. ನಾನು ಮಾಡಿ ನೋಡಿಲ್ಲ.

ಲೆಕ್ಕದ ಪ್ರಕಾರ ಒಂದು ಕಿಲೋ ಏರೋಕೆ ಸುಮಾರು 7,700 ಕ್ಯಾಲೊರಿ ಹೆಚ್ಚಾಗಬೇಕು. ದಿನಕ್ಕೆ 600 ಅಂದರೆ ತಿಂಗಳಿಗೆ ಎರಡು ಕಿಲೋ ಮೇಲೆ ಬರಬೇಕಿತ್ತು. ನನಗೆ ಬಂದಿದ್ದು ಒಂದು ಕಿಲೋ. ಉಳಿದಿದ್ದು ಎಲ್ಲಿ ಹೋಯಿತು? 1999ರಲ್ಲಿ ಅಮೆರಿಕದ ಮೇಯೋ ಕ್ಲಿನಿಕ್‌ನ ಜೇಮ್ಸ್ ಲೆವೈನ್ ಮತ್ತು ಜೊತೆಯವರು ಇದನ್ನೇ ಪರೀಕ್ಷೆ ಮಾಡಿದ್ದರು. ಹದಿನಾರು ಜನಕ್ಕೆ ಎಂಟು ವಾರ, ದಿನಕ್ಕೆ ಸಾವಿರ ಕ್ಯಾಲೊರಿ ಹೆಚ್ಚಿಗೆ ತಿನ್ನಿಸಿದರು. ಒಬ್ಬರ ಮೈಯಲ್ಲಿ ಕೊಬ್ಬು ನಾಲ್ಕು ಕಿಲೋ ಏರಿತು, ಇನ್ನೊಬ್ಬರಲ್ಲಿ ಅರ್ಧ ಕಿಲೋನೂ ಇಲ್ಲ. ಏರದವರು ಗೊತ್ತಿಲ್ಲದೆಯೇ ಅಲ್ಲಾಡೋದು, ಓಡಾಡೋದು, ಚಡಪಡಿಸೋದು ಜಾಸ್ತಿ ಮಾಡಿ ಉರಿಸಿಬಿಟ್ಟಿದ್ದರು. ನಾನು ಕೂತಲ್ಲಿ ಕಾಲು ಕುಣಿಸೋನು. "ಕಾಲು ಕುಣಿಸಬೇಡವೋ, ದರಿದ್ರ" ಅಂತ ಅಜ್ಜಿ ಬೈಯುತ್ತಿದ್ದಳು. ಅಜ್ಜಿ ಹೇಳಿದ್ದು ದುಡ್ಡಿನ ದರಿದ್ರ. ನನಗೆ ಹಿಡಿದಿದ್ದು ಕ್ಯಾಲೊರಿಯದು.

ಬರೀ ತಿಂದರೆ ಹೊಟ್ಟೆ ಮಾತ್ರ ಮುಂದೆ ಬರುತ್ತೆ. ಜಿಮ್ ಬಿಟ್ಟೆ, ಆದರೆ ಬೆಳಗ್ಗೆ ಟೆರೇಸ್ ಮೇಲೆ ಅರ್ಧ ಗಂಟೆ ದಂಡ, ಬಸ್ಕಿ ಬಿಟ್ಟಿಲ್ಲ.

ನಿಮಗೆ ಯಾವುದು? ಮನೆಯಲ್ಲಿದ್ದು, ಹಾಲು ಒಗ್ಗುತ್ತೆ ಅಂದರೆ ರಾತ್ರಿಗೆ ಹುರಿಹಿಟ್ಟು, ಹಗಲಿಗೆ ಉಂಡೆ. ಪಿಜಿ, ಬಸ್ಸು, ಆಫೀಸು ಅಂತ ನನ್ನ ಹಾಗೆ ಓಡಾಡೋರಿಗೆ ಉಂಡೆ ಒಂದೇ ಸಾಕು. ಡಬ್ಬ ಯಾರಿಗೆ ಸರಿ ಅಂದರೆ, ದುಡ್ಡು ಧಾರಾಳ ಇದ್ದು, ಹಾಲು ಚೆನ್ನಾಗಿ ಅರಗಿ, ಅದನ್ನು ಕುಡಿದ ಮೇಲೂ ಪೂರ್ತಿ ಊಟ ಮಾಡಬಲ್ಲವರಿಗೆ. ಅಷ್ಟು ತಿನ್ನಬಲ್ಲವರು ತೆಳ್ಳಗಿರೋದನ್ನು ನಾನಂತೂ ನೋಡಿಲ್ಲ.

ಈ ಭಾನುವಾರ ದಿನಸಿ ಅಂಗಡಿ ತಕ್ಕಡಿ ಮೇಲೆ ನಿಂತೆ. 56.8. ಬಿಎಂಐ 18.8. ಅಮ್ಮನಿಗೆ ಫೋನ್ ಮಾಡಿ ಹೇಳಿ, ಮುಂದಿನ ಸಲ ಉಂಡೆಗೆ ಬೆಲ್ಲ ಸ್ವಲ್ಪ ಕಡಿಮೆ ಹಾಕಮ್ಮ ಅಂದೆ.

"ಮೊದಲು ಅರವತ್ತು ಆಗು, ಆಮೇಲೆ ಬೆಲ್ಲದ ಮಾತು" ಅಂದಳು.