ಅಡಿಕೆ ತೋಟಕ್ಕೆ ಹಾಕಿಸಿದ ವೈರ್‌ಲೆಸ್ ಡ್ರಿಪ್ ಕಿಟ್: ಎಂಟು ತಿಂಗಳ ಅನುಭವ

ಆರು ತೇವದ ಸೆನ್ಸರ್, ನಾಲ್ಕು ವಾಲ್ವ್, ಪಂಪ್ ಮನೆಯಲ್ಲಿ ಒಂದು ಗೇಟ್‌ವೇ (ಸೆನ್ಸರ್‌ಗಳ ಅಂಕಿ ಕೇಳಿಸಿಕೊಂಡು ವಾಲ್ವ್ ತೆರೆಸುವ ಪೆಟ್ಟಿಗೆ). ಕಂಪನಿ ಹೆಸರು ಬೇಡ, ವಿಷಯ ಮುಖ್ಯ.

ನನ್ನ ಹಳೇ ಕಿಟ್ ಹತ್ತು ನಿಮಿಷಕ್ಕೊಮ್ಮೆ ರೀಡಿಂಗ್ ಕಳಿಸುತ್ತಿತ್ತು. ಮಣ್ಣಲ್ಲಿ ಏನೂ ಬದಲಾಗದಿದ್ದರೂ ದಿನಕ್ಕೆ 144 ಸಲ ಅದೇ ರಾಗ. ಮೂರೇ ತಿಂಗಳಿಗೆ ಬ್ಯಾಟರಿ ಖಾಲಿ. ಈ ಹೊಸ ಕಿಟ್ ಇವೆಂಟ್ ಟ್ರಿಗರ್ಡ್, ಅಂದರೆ ಏನಾದರೂ ಬದಲಾದರೆ ಮಾತ್ರ ಸುದ್ದಿ. ಸೆನ್ಸರ್ ತನ್ನ ಪಾಡಿಗೆ ಅಳೆಯುತ್ತಿರುತ್ತದೆ, ಕೊನೆಗೆ ಕಳಿಸಿದ ಅಂಕಿಗೂ ಈಗಿನದ್ದಕ್ಕೂ 3 ಪಾಯಿಂಟ್ ವ್ಯತ್ಯಾಸ ಬಂದರೆ ಮಾತ್ರ ರೇಡಿಯೊ ಆನ್ ಮಾಡುತ್ತದೆ. ರೇಡಿಯೊ ಲೋರಾ (ಕಡಿಮೆ ಬ್ಯಾಟರಿಯಲ್ಲಿ ದೂರ ಮುಟ್ಟುವ ಬಗೆ), 865-867 ಮೆಗಾಹರ್ಟ್ಸ್, ಲೈಸೆನ್ಸ್ ಬೇಕಿಲ್ಲ. ಬ್ಯಾಟರಿ ಇನ್ನೂ ಗಟ್ಟಿಯಾಗಿದೆ. (ನಾನು ಓದಿದ್ದು ಇನ್‌ಸ್ಟ್ರುಮೆಂಟೇಶನ್, ಮಾಡೋದು ಅಡಿಕೆ. ಇದು ಹೊಸ ವಿದ್ಯೆ ಏನಲ್ಲ. ಸರಾಸರಿ ಅಷ್ಟೇ ಸಲ ಕಳಿಸಿದರೂ, ಗಡಿಯಾರ ನೋಡಿ ಕಳಿಸುವುದಕ್ಕಿಂತ ಹೀಗೆ ಬದಲಾದಾಗ ಮಾತ್ರ ಕಳಿಸಿದರೆ ಸರಳ ವ್ಯವಸ್ಥೆಯಲ್ಲಿ ಏರುಪೇರು ಮೂರನೇ ಒಂದಕ್ಕೆ ಇಳಿಯುತ್ತದೆ ಅಂತ ಸ್ವೀಡನ್ನಿನ ಕಂಟ್ರೋಲ್ ತಜ್ಞರಾದ ಆಸ್ಟ್ರಮ್, ಬರ್ನ್‌ಹಾರ್ಡ್‌ಸನ್ 1999ರಲ್ಲೇ ಲೆಕ್ಕ ಹಾಕಿ ತೋರಿಸಿದ್ದರು.)

ಜಾಸ್ತಿ ಬುದ್ಧಿ ಓಡಿಸಿ 3ರ ಬದಲು 0.5 ಇಟ್ಟು ನೋಡಿದೆ. ಮಣ್ಣಲ್ಲಿ ಏನೂ ಬದಲಾಗದಿದ್ದರೂ ಸೆನ್ಸರ್ ಅಂಕಿ ಅಷ್ಟು ಅಲ್ಲಾಡುತ್ತೆ, ಹಾಗಾಗಿ ಆರೂ ಒಂದೇ ಸಮ ವಟವಟ. ವಾಪಸ್ 3ಕ್ಕೆ ತಂದೆ.

ನಿಜವಾದ ತಲೆನೋವು ಶುರುವಾಗಿದ್ದು ಏಪ್ರಿಲ್‌ನಲ್ಲಿ. ಕೆಳಗಿನ ಸಾಲಿನ ತೇವ ಆ್ಯಪ್‌ನಲ್ಲಿ 34, ಹಸಿರು ಬಣ್ಣ. ಮರುದಿನವೂ 34. ಒಂಬತ್ತನೇ ದಿನ ಆ ಕಡೆ ಹೋದರೆ ಎಳೇ ಗಿಡಗಳ ಸೋಗೆ ಒಣಗಿ ಜೋತು ಬಿದ್ದಿತ್ತು, ಮಣ್ಣು ಕೈಯಲ್ಲಿ ಪುಡಿಪುಡಿ. ಹೆಗ್ಗಣ ಆಂಟೆನಾ ವೈರ್ ಕಡಿದು ಹಾಕಿತ್ತು! ಸೆನ್ಸರ್ ಪಾಪ ಕೂಗುತ್ತಲೇ ಇತ್ತು, ಗೇಟ್‌ವೇಗೆ ಕೇಳಿಸಿಲ್ಲ, ಅದು ಹಳೇ ಅಂಕಿಯನ್ನೇ ನಂಬಿಕೊಂಡು ವಾಲ್ವ್ ತೆರೆದೇ ಇಲ್ಲ. ಹಾಸ್ಟೆಲ್‌ನಿಂದ ಮಗನ ಫೋನ್ ಬರಲಿಲ್ಲ ಅಂದ್ರೆ ಚೆನ್ನಾಗಿದ್ದಾನೆ ಅಂತಲೋ, ಫೋನೇ ಕಳೆದುಕೊಂಡಿದ್ದಾನೆ ಅಂತಲೋ? ಅದೇ ಕಥೆ.

ಕಸ್ಟಮರ್ ಕೇರ್‌ನವರು "ಮೆಸೇಜ್ ಬಂದಿಲ್ಲ ಅಂದ್ರೆ ಎಲ್ಲಾ ಸರಿ ಇದೆ ಅಂತ ಅರ್ಥ ಸರ್" ಅಂದರು. ಸಿಟ್ಟು ನೆತ್ತಿಗೇರಿತು. ಏನೂ ಬದಲಾಗದಿದ್ದರೂ ಆಗಾಗ 'ಬದುಕಿದ್ದೇನೆ' ಅನ್ನುವ ಹಾರ್ಟ್‌ಬೀಟ್ ಸೆಟ್ಟಿಂಗ್ ಕಿಟ್‌ನಲ್ಲೇ ಇದೆ, ಆಫ್ ಮಾಡಿ ಕೊಟ್ಟಿದ್ದಾರೆ ಅಷ್ಟೇ! ಬ್ಯಾಟರಿ ಜಾಸ್ತಿ ಬಾಳಿಕೆ ಬರುತ್ತೆ ಅಂತ ತೋರಿಸೋಕೆ ಇರಬೇಕು. ಈಗ ಆರು ಗಂಟೆಗೊಮ್ಮೆ ಇಟ್ಟಿದ್ದೇನೆ. ಎರಡು ಸಲ ತಪ್ಪಿದರೆ ಫೋನ್‌ಗೆ ಅಲಾರಂ.

ಐದಕ್ಕೆ ಮೂರೂವರೆ ಸ್ಟಾರ್. ತಗೊಳ್ಳುವವರು ಮೊದಲ ದಿನವೇ ಆ ಸೆಟ್ಟಿಂಗ್ ಹಾಕಿಸಿಕೊಳ್ಳಿ. ಆಂಟೆನಾ ವೈರಿಗೆ ಪಿವಿಸಿ ಪೈಪಿನ ತುಂಡು ತೊಡಿಸಿ, ಕಬ್ಬಿಣದ ಜಿಐ ಪೈಪ್ ಮಾತ್ರ ಬೇಡ, ಸಿಗ್ನಲ್ ಅಲ್ಲೇ ಸಾಯುತ್ತೆ.